ಒಡೆದ ದನಿಯಿಂದ ಹುಟ್ಟಿದ ಗಾಯನ

1917ರಲ್ಲಿ ಬೀಜಿಂಗ್‌ನ ರಂಗಮಂದಿರಗಳಲ್ಲಿ ಸ್ತ್ರೀಪಾತ್ರ ಹಾಡುತ್ತಿದ್ದ ಹದಿಮೂರರ ಹುಡುಗನೊಬ್ಬನ ದನಿ ಒಡೆಯಿತು. ಆ ವಯಸ್ಸಿನ ಗಂಡುಮಕ್ಕಳಿಗೆ ದನಿ ಒಡೆಯುವುದು ಸಹಜ. ಆದರೆ ಪೀಕಿಂಗ್ ಒಪೆರಾದಲ್ಲಿ ಹೆಣ್ಣುವೇಷ ಕಟ್ಟುವ ಹುಡುಗನಿಗೆ ಅದು ಅನ್ನದ ಪ್ರಶ್ನೆ. ಕೆಲವರಿಗೆ ಒಂದೆರಡು ವರ್ಷದಲ್ಲಿ ದನಿ ಮರಳುತ್ತಿತ್ತು, ಹಲವರಿಗೆ ಮರಳುತ್ತಲೇ ಇರಲಿಲ್ಲ. ಮರಳದವರು ಹಿನ್ನೆಲೆಯಲ್ಲಿ ಕಮಾನು ಹಿಡಿದು ಕೂರುತ್ತಿದ್ದರು, ಇಲ್ಲವೇ ವೇಷದ ಪೆಟ್ಟಿಗೆ ಹೊರುತ್ತಿದ್ದರು. ಈ ಹುಡುಗ ತಾರಸ್ಥಾಯಿಯ ಶ್ರುತಿಗೆ ಹೆಸರಾಗಿದ್ದ ಲಿಯು ಹೊಂಗ್‌ಶೆಂಗ್‌ನಂಥ ಹಿರಿಯ ನಟರ ಜೊತೆ ಅವರ ಶ್ರುತಿಗೇ ಏರಿ ಹಾಡಬೇಕಿತ್ತು. ಬದಲಾಗುತ್ತಿದ್ದ ಗಂಟಲಿಗೆ ಬಿಡುವು ಸಿಗಲಿಲ್ಲ. ದನಿ ಕುಸಿದುಹೋಯಿತು.

ಹುಡುಗನ ಹೆಸರು ಚೆಂಗ್ ಯಾನ್‌ಚಿಯು. ಮುಂದೆ ಮೇ ಲಾನ್‌ಫಾಂಗ್, ಶಾಂಗ್ ಶಿಯಾವ್‌ಯುನ್, ಶುನ್ ಹುಯಿಶೆಂಗ್ ಅವರೊಂದಿಗೆ ‘ನಾಲ್ವರು ಮಹಾ ಸ್ತ್ರೀಪಾತ್ರಧಾರಿಗಳು’ ಎಂಬ ಬಿರುದಿಗೆ ಪಾತ್ರನಾದವನು. ಹೊರಜಗತ್ತಿಗೆ ಪರಿಚಯವಿರುವುದು ಮೇ ಲಾನ್‌ಫಾಂಗ್ ಹೆಸರು. ಜಪಾನ್, ಅಮೆರಿಕ, ರಷ್ಯಾಗಳಲ್ಲಿ ಆಡಿ ಗೆದ್ದವರು ಅವರು. ಆದರೆ ಪೀಕಿಂಗ್ ಒಪೆರಾವನ್ನು ಕಣ್ಣು ಮುಚ್ಚಿ ಕೇಳುವ ರಸಿಕರನ್ನು ಮಾತಿಗೆಳೆದರೆ ಅವರು ಚೆಂಗ್ ಹೆಸರನ್ನೇ ಮೊದಲು ಹೇಳುತ್ತಾರೆ. ಈ ನಾಲ್ವರನ್ನೂ ಬಲ್ಲ ಹಿರಿಯ ಗುರು ವಾಂಗ್ ಯಾವ್‌ಚಿಂಗ್ ಒಬ್ಬೊಬ್ಬರ ಹೆಚ್ಚುಗಾರಿಕೆಯನ್ನೂ ಒಂದೊಂದೇ ಶಬ್ದದಲ್ಲಿ ಹೇಳಿದ್ದರಂತೆ. ಮೇ ಅವರದು ನಿಲುವು, ಶಾಂಗ್ ಅವರದು ಕಸುವು, ಶುನ್ ಅವರದು ಬೆಡಗು. ಚೆಂಗ್ ಅವರದು ಹಾಡು.

ಹುಟ್ಟಿದ್ದು 1904ರ ಜನವರಿ 1ರಂದು, ಬೀಜಿಂಗ್‌ನಲ್ಲಿ, ಹಳೆಯ ಮಂಚು ಮನೆತನದಲ್ಲಿ. ಪೂರ್ವಜರು ಛಿಂಗ್ ಅರಸೊತ್ತಿಗೆಯ ಸೇವೆಯಲ್ಲಿದ್ದವರು. ಹುಡುಗ ತೀರ ಚಿಕ್ಕವನಿದ್ದಾಗಲೇ ತಂದೆ ತೀರಿಕೊಂಡರು, ಮನೆಯ ಸಾಮಾನು ಒಂದೊಂದಾಗಿ ಮಾರಾಟವಾಯಿತು. ಆರನೆಯ ವಯಸ್ಸಿಗೆ ತಾಯಿ ಮಗನನ್ನು ರೊಂಗ್ ದಿಯೆಶಿಯನ್ ಎಂಬ ನಟನ ಮನೆಗೆ ಕರಾರು ಬರೆದುಕೊಟ್ಟು ಬಿಟ್ಟಳು. ಆ ಕಾಲದ ಇಂಥ ಕರಾರುಗಳೆಲ್ಲ ಒಂದೇ ಬಗೆಯವು. ಇಷ್ಟು ವರ್ಷ ಮಗು ಗುರುವಿನ ಸೊತ್ತು. ಅದು ದುಡಿದದ್ದೆಲ್ಲ ಗುರುವಿಗೆ. ಓಡಿಹೋದರೆ, ಕಾಯಿಲೆ ಬಿದ್ದರೆ, ಸತ್ತರೆ ಗುರು ಹೊಣೆಯಲ್ಲ.

ರೊಂಗ್ ಕೈಯಲ್ಲಿ ಅನುಭವಿಸಿದ್ದನ್ನು ಚೆಂಗ್ ತಮ್ಮ ಕಲಿಕೆಯ ದಿನಗಳನ್ನು ನೆನೆದು ಬರೆದ ಪ್ರಬಂಧದಲ್ಲಿ ದಾಖಲಿಸಿದ್ದಾರೆ. ಕಟ್ಟಿದ ಪುಟ್ಟ ಪಾದದ ಹೆಂಗಸಿನ ನಡಿಗೆ ತೋರಿಸಲು ನಟರು ಕಾಲಿಗೆ ಚಿಕ್ಕ ಮರಗಾಲು ಬಿಗಿದುಕೊಳ್ಳುತ್ತಿದ್ದರು. ಬೆರಳ ತುದಿಯ ಮೇಲೆ ಇಡೀ ಮೈಭಾರ ಬೀಳುವ ಆ ಮರಗಾಲನ್ನು ಬಿಗಿದುಕೊಂಡೇ ಹುಡುಗ ನೀರು ಸೇದಬೇಕು, ಕಸ ಗುಡಿಸಬೇಕು, ಮನೆಗೆಲಸವೆಲ್ಲ ಮಾಡಬೇಕು. ಮಂಡಿ ಬಾಗದಿರಲೆಂದು ಎರಡೂ ತುದಿ ಚೂಪು ಮಾಡಿದ ಬಿದಿರಕಡ್ಡಿಯನ್ನು ಮಂಡಿಯ ಹಿಂಭಾಗಕ್ಕೆ ಕಟ್ಟುತ್ತಿದ್ದರು. ಕಾಲು ಸ್ವಲ್ಪ ಮಡಿಸಿದರೂ ಚುಚ್ಚುತ್ತಿತ್ತು. ಹೊಡೆತ ತಿಂದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಉಳಿದ ಗಂಟುಗಳು ಹಲವು ವರ್ಷ ಕಾಡಿದವು. ಈ ಕ್ರೌರ್ಯದಿಂದಲೇ ಕಲೆ ಅರಳಿತು ಎನ್ನುವವರು ಇದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಚೆಂಗ್‌ಗೂ ಒಪ್ಪಿಗೆಯಿರಲಿಲ್ಲ ಎಂಬುದಕ್ಕೆ ಅವರ ಮುಂದಿನ ಬದುಕೇ ಸಾಕ್ಷಿ.

ದನಿ ಒಡೆದ ಹುಡುಗನನ್ನು ರೊಂಗ್ ಸುಮ್ಮನೆ ಕೂರಿಸಲಿಲ್ಲ. ತಿಂಗಳಿಗೆ 600 ಬೆಳ್ಳಿ ನಾಣ್ಯಕ್ಕೆ ಶಾಂಘೈನಲ್ಲಿ ಹಾಡಿಸಲು ಒಪ್ಪಂದ ಕುದುರಿಸಿದ. ಹೋಗಿದ್ದರೆ ಆ ಗಂಟಲು ಅಲ್ಲಿಗೇ ಮುಗಿಯುತ್ತಿತ್ತು. ಅದನ್ನು ಕಂಡು ತಡೆಯಲಾರದೆ ನಡುವೆ ಬಂದವರು ಕವಿ ಲುವೊ ಯಿಂಗ್‌ಗೊಂಗ್. ಗುವಾಂಗ್‌ಡೊಂಗ್ ಪ್ರಾಂತ್ಯದವರು, ಸುಧಾರಕ ಕಾಂಗ್ ಯೌವೆಯ್ ಅವರ ಶಿಷ್ಯರು, ಸರ್ಕಾರಿ ಹುದ್ದೆಯ ಆಸೆ ಬಿಟ್ಟು ಕಾವ್ಯ, ಕೈಬರಹ, ನಾಟಕಗಳಲ್ಲಿ ಮುಳುಗಿದ್ದವರು. ಅವರಲ್ಲೇನೂ ಹಣವಿರಲಿಲ್ಲ. ಬ್ಯಾಂಕಿನಲ್ಲಿದ್ದ ಗೆಳೆಯರೊಬ್ಬರಿಂದ ಸಾಲ ತಂದು, ಸುಮಾರು 700 ಬೆಳ್ಳಿ ನಾಣ್ಯ ತೆತ್ತು, ಅವಧಿಗೆ ಮೊದಲೇ ಹುಡುಗನನ್ನು ಕರಾರಿನಿಂದ ಬಿಡಿಸಿದರು. ಕೊಂಡವರು ತಾವಾದರೂ ಅವನನ್ನು ತಮ್ಮ ಸೊತ್ತು ಮಾಡಿಕೊಳ್ಳಲಿಲ್ಲ.

ಬದಲಿಗೆ ಒಂದು ದಿನಚರಿ ಹಾಕಿಕೊಟ್ಟರು. ಬೆಳಿಗ್ಗೆ ಮೈ ಪಳಗಿಸುವ ವರಸೆ, ಆಮೇಲೆ ಪೀಕಿಂಗ್ ಒಪೆರಾಗಿಂತ ಹಳೆಯದಾದ ಕುನ್‌ಚ್ಯು ಗಾಯನದ ಪಾಠ, ಸಂಜೆ ವಾಂಗ್ ಯಾವ್‌ಚಿಂಗ್ ಮನೆ, ಬಿಡುವಿನಲ್ಲಿ ಓದು, ಕಾವ್ಯ, ಕುಂಚದ ಬರಹ. ವಾರದಲ್ಲಿ ಮೂರು ದಿನ ತಾವೇ ಸಿನಿಮಾಕ್ಕೆ ಕರೆದೊಯ್ಯುತ್ತಿದ್ದರು. ಮೇ ಲಾನ್‌ಫಾಂಗ್‌ಗೆ ಶಿಷ್ಯನಾಗಿ ಸೇರಿಸಿದವರೂ ಅವರೇ. ಮೇ ಅವರಿಗೆ ಆಗ ಇನ್ನೂ ಮೂವತ್ತು ಮುಟ್ಟಿರಲಿಲ್ಲ, ಕೀರ್ತಿ ಮಾತ್ರ ಊರು ತುಂಬಿತ್ತು. ಅವರ ಆಟವಿದ್ದ ರಾತ್ರಿಗಳಲ್ಲಿ ಚೆಂಗ್ ತಪ್ಪದೆ ಹೋಗಿ ನೋಡುತ್ತಿದ್ದ.

ಕೆಲಕಾಲದ ಮೇಲೆ ದನಿ ಬಂತು, ಆದರೆ ಬೇರೆಯೇ ಆಗಿ ಬಂತು. ಛಿಂಗ್‌ಯಿ ಎಂದರೆ ಕಷ್ಟ ನುಂಗುವ ಗೌರವಸ್ಥ ಹೆಣ್ಣಿನ ಪಾತ್ರ. ಅದಕ್ಕೆ ಬೇಕಾದದ್ದು ಹೊಳೆಯುವ, ನೇರವಾಗಿ ಮೇಲೇರುವ ಕಳ್ಳದನಿ. ಚೆಂಗ್ ಕಂಠದಲ್ಲಿ ಆ ಹೊಳಪಿರಲಿಲ್ಲ. ದನಿ ಕಿರಿದಾಗಿತ್ತು, ಒಳಗೆ ಸರಿದಿತ್ತು, ತಲೆಯ ಹಿಂಭಾಗದಿಂದ ಹೊರಟಂತೆ ಕೇಳುತ್ತಿತ್ತು. ಬಲ್ಲವರು ಅದನ್ನು ‘ದೆವ್ವದ ದನಿ’ ಎನ್ನುತ್ತಿದ್ದರು. ಅಂಥ ದನಿಯವರು ಈ ಪಾತ್ರಕ್ಕೆ ಸಲ್ಲರು ಎಂಬುದು ಅನುಭವದ ಮಾತಾಗಿತ್ತು. ಇದಕ್ಕೆ ದಾರಿ ಇದೆ ಎಂದವರು ವಾಂಗ್ ಯಾವ್‌ಚಿಂಗ್. ಅವರೂ ಒಂದು ಕಾಲದಲ್ಲಿ ಸ್ತ್ರೀಪಾತ್ರದ ದೊಡ್ಡ ಹೆಸರು. ನಡುವಯಸ್ಸಿನಲ್ಲಿ ಸ್ವಂತ ದನಿ ಕೈಕೊಟ್ಟ ಮೇಲೆ ರಂಗ ಬಿಟ್ಟು ಗುರುವಾದವರು. ಹೋದ ದನಿಯ ಸಂಕಟ ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವರ ಮನೆಯಲ್ಲಿ ರಾತ್ರಿಯೆಂದರೆ ಹರಟೆಯ ಹೊತ್ತು. ಜನ ಬಂದು ಹೋಗುತ್ತಿದ್ದರು, ಪಾಠಕ್ಕೆ ಯಾವಾಗ ತಿರುಗುವರೋ ತಿಳಿಯುತ್ತಿರಲಿಲ್ಲ. ಹಲವು ಶಿಷ್ಯರು ಬೇಸತ್ತು ಎದ್ದುಹೋದರೂ ಚೆಂಗ್ ನಡುರಾತ್ರಿ ಮೀರಿದರೂ ಕಾದು ಕೂರುತ್ತಿದ್ದ.

ಗುರುಶಿಷ್ಯರು ಮಾಡಿದ್ದು ದನಿಯನ್ನು ರಿಪೇರಿ ಮಾಡುವ ಕೆಲಸವಲ್ಲ. ಇರುವ ದನಿಗೆ ತಕ್ಕ ಸಂಗೀತವನ್ನೇ ಹುಡುಕಿದರು. ಚೀನೀ ನುಡಿಯಲ್ಲಿ ಪ್ರತಿ ಅಕ್ಷರಕ್ಕೂ ಏರಿಳಿತದ ಸ್ವರವಿದೆ. ಅದು ತಪ್ಪಿದರೆ ಅರ್ಥವೇ ತಪ್ಪುತ್ತದೆ. ರೂಢಿಯ ಮಟ್ಟುಗಳಲ್ಲಿ ಹಾಡುವವರು ಎಷ್ಟೋ ಸಲ ಮಟ್ಟಿಗಾಗಿ ಅಕ್ಷರದ ಏರಿಳಿತವನ್ನು ಬಲಿಕೊಡುತ್ತಿದ್ದರು. ಚೆಂಗ್ ಇದನ್ನು ತಿರುಗಿಸಿದರು. ಅಕ್ಷರ ಮೊದಲು, ಅದು ಹೋದ ದಾರಿಯಲ್ಲಿ ಸ್ವರ. ಒಂದೊಂದು ಅಕ್ಷರಕ್ಕೂ ತಲೆ, ಹೊಟ್ಟೆ, ಬಾಲ ಇವೆಯೆಂದು ಬಿಡಿಸಿ, ತಲೆಯನ್ನು ಸ್ಪಷ್ಟವಾಗಿ ಕಚ್ಚಿ, ಹೊಟ್ಟೆಯಲ್ಲಿ ಉಸಿರು ತುಂಬಿ, ಬಾಲವನ್ನು ನಿಧಾನಕ್ಕೆ ಮುಚ್ಚುವುದು ಅವರ ಕ್ರಮ. ದನಿ ಎಳೆಯಷ್ಟು ತೆಳುವಾಗಿ, ಇನ್ನೇನು ಹರಿಯಿತು ಎನ್ನುವಾಗ ಹರಿಯದೆ, ಮತ್ತೆ ತುಂಬಿಕೊಂಡು ಬರುತ್ತದೆ. ನಡುವೆ ಫಕ್ಕನೆ ನಿಲ್ಲುತ್ತದೆ. ಆ ನಿಲುಗಡೆಯಲ್ಲೂ ರಾಗ ಮುಂದುವರಿಯುತ್ತಿರುತ್ತದೆ. ಹಳೆಯ ಗ್ರಾಮಫೋನ್ ಮುದ್ರಿಕೆಗಳ ಕರಕರ ಸದ್ದಿನ ನಡುವೆಯೂ ಇದು ಚೆನ್ನಾಗಿ ಕೇಳುತ್ತದೆ. ಎರಡು ತಂತಿಯ ಜಿಂಗ್‌ಹು ಚುರುಕಾಗಿ ಹೊಳೆಯುತ್ತ ಹೋಗುವಾಗ ಅದರ ಕೆಳಗೆ, ಒಳಗೆ, ಗಾಯಕನ ದನಿ ಹರಿಯುತ್ತಿರುತ್ತದೆ. ಅಳುವಿನ ಅಭಿನಯವೇನೂ ಅಲ್ಲಿಲ್ಲ. ಅತ್ತು ಮುಗಿಸಿದ ಮೇಲೆ ಉಳಿದ ದನಿ ಅದು.

1922ರಲ್ಲಿ ಚೆಂಗ್ ಮೊದಲ ಸಲ ಶಾಂಘೈಗೆ ಹೋಗಿ ಗೆದ್ದು ಬಂದರು. ಐದು ವರ್ಷ ಹಿಂದೆ ಮುರಿದ ಗಂಟಲಿನ ಬಾಲನಟನಾಗಿ ಹೋಗಬೇಕಿದ್ದ ಊರು ಅದು. ಚೆಂಗ್‌ಗಾಗಿ ಲುವೊ ಒಂದರ ಮೇಲೊಂದು ನಾಟಕ ಬರೆದುಕೊಟ್ಟರು. 1924ರಲ್ಲಿ ಆ ಕವಿ ತೀರಿಕೊಂಡಾಗ ಇಪ್ಪತ್ತರ ಚೆಂಗ್ ಅಂತ್ಯಕ್ರಿಯೆಯ ಖರ್ಚನ್ನೆಲ್ಲ ಹೊತ್ತು, ಬೀಜಿಂಗ್‌ನ ಪಶ್ಚಿಮ ಬೆಟ್ಟಗಳಲ್ಲಿ ಸಮಾಧಿ ಮಾಡಿಸಿದರು. ಆ ಸಮಾಧಿಗೆ ಹೋಗುವುದನ್ನು ಅವರು ಎಂದೂ ಬಿಡಲಿಲ್ಲ.

ಲುವೊ ಜಾಗಕ್ಕೆ ಬಂದವರು ಜಿನ್ ಜೊಂಗ್‌ಸುನ್. ಗಣರಾಜ್ಯದ ಮೊದಲ ದಿನಗಳಲ್ಲಿ ಸಂಸತ್ತಿನ ಸದಸ್ಯರಾಗಿದ್ದು, ಸೇನಾಧಿಪತಿಗಳ ಕಿತ್ತಾಟ ನೋಡಿ ರೋಸಿ ರಾಜಕೀಯ ಬಿಟ್ಟವರು. ಅವರ ಲೇಖನಿಯಿಂದ ಚೆಂಗ್ ಗಾಯನಕ್ಕೆ ಬೇಕಾದ ವಸ್ತು ಸಿಕ್ಕಿತು. ‘ಹುವಾಂಗ್‌ಶಾನ್ ಲೇ’ ನಾಟಕದಲ್ಲಿ ತೆರಿಗೆ ಕಟ್ಟಲಾರದ ಬಡ ಸಂಸಾರದ ಗಂಡಸರು ಮೂಲಿಕೆ ತರಲು ಬೆಟ್ಟಕ್ಕೆ ಹೋಗಿ ಹುಲಿಯ ಬಾಯಿಗೆ ಬೀಳುತ್ತಾರೆ, ಮಗನನ್ನು ಬಿಟ್ಟಿ ದುಡಿಮೆಗೆ ಎಳೆದೊಯ್ಯುತ್ತಾರೆ. ಒಬ್ಬಳೇ ಉಳಿದ ಸೊಸೆ ಕಾಡುಬೆಟ್ಟಕ್ಕೆ ಓಡಿಹೋದರೆ ಅಲ್ಲಿಗೂ ತೆರಿಗೆಯವರು ಬರುತ್ತಾರೆ. 1931ರ ‘ಚುನ್‌ಗುಯಿ ಮೆಂಗ್’ನಲ್ಲಿ ಯುದ್ಧಕ್ಕೆ ಹೋದ ಗಂಡನನ್ನು ಕಾಯುವ ಎಳೆಯ ಹೆಂಡತಿಗೆ ಒಂದು ಕನಸು. ಗಂಡ ಮರಳುತ್ತಾನೆ, ಇಬ್ಬರೂ ನಲಿಯುತ್ತಾರೆ. ಅಷ್ಟರಲ್ಲಿ ಕನಸು ಹೊರಳಿ ಅವಳು ಹೆಣಗಳ ನಡುವೆ ದಾರಿ ಹುಡುಕುತ್ತಿರುತ್ತಾಳೆ. ಈ ದೃಶ್ಯದಲ್ಲಿ ಚೆಂಗ್ ತಮ್ಮ ಉದ್ದನೆಯ ಬಿಳಿ ರೇಷ್ಮೆ ತೋಳುಗಳಿಂದ ಮಾಡುತ್ತಿದ್ದ ಕೆಲಸ ಹೆಸರುವಾಸಿ. ಎಸೆಯುವುದು, ಎತ್ತುವುದು, ಕೊಡವುವುದು ಎಂದು ತೋಳಿನ ಚಲನೆಗಳನ್ನು ಹತ್ತು ಬಗೆಯಾಗಿ ವಿಂಗಡಿಸಿ ಅವರು ಕಲಿಸುತ್ತಿದ್ದರು. ಅದೇ ವರ್ಷ ಜಪಾನಿ ಸೈನ್ಯ ಮಂಚೂರಿಯಾಕ್ಕೆ ನುಗ್ಗಿತು. ಸಾಮ್ರಾಟರು, ಅಪ್ಸರೆಯರು ಇರಬೇಕಾದ ರಂಗದ ಮೇಲೆ ತೆರಿಗೆ, ಬಿಟ್ಟಿ ದುಡಿಮೆ, ವಿಧವೆಯರು ಬಂದು ನಿಂತರು. ಅವರಿಗೆ ತಕ್ಕ ದನಿಯೂ ಆ ಹೊತ್ತಿಗೆ ಸಿದ್ಧವಾಗಿತ್ತು.

1932ರ ಜನವರಿಯಲ್ಲಿ ಚೆಂಗ್ ಸೈಬೀರಿಯಾದ ಹಾದಿಯಲ್ಲಿ ಯುರೋಪಿಗೆ ಹೊರಟರು, ಆಡಲಿಕ್ಕಲ್ಲ, ನೋಡಲಿಕ್ಕೆ. ರಷ್ಯಾ, ಜರ್ಮನಿ, ಫ್ರಾನ್ಸ್, ಸ್ವಿಟ್ಜರ್ಲೆಂಡ್, ಇಟಲಿ ಸುತ್ತಿ 1933ರ ಏಪ್ರಿಲ್‌ಗೆ ಮರಳಿದರು. ರೊಂಗ್ ಮನೆಯ ಹೊಡೆತಗಳು ಕಾಲಲ್ಲಿ ಉಳಿಸಿದ್ದ ಗಂಟುಗಳಿಗೆ ಶಸ್ತ್ರಚಿಕಿತ್ಸೆ ಆದದ್ದು ಈ ಪ್ರವಾಸದಲ್ಲೇ. ಬರ್ಲಿನ್‌ನಲ್ಲಿ ಸಂಗೀತ ಕಲಿಯುತ್ತ ಉಳಿದುಬಿಡಬೇಕೆಂದು ಅವರಿಗೆ ಬಲವಾಗಿ ಅನಿಸಿತ್ತು. ನಟನಾಗಿ ಮರಳುವ ದಾರಿಯನ್ನೇ ಮುಚ್ಚಿಬಿಡಲು ಬೇಕೆಂದೇ ಹೊಟ್ಟೆಬಿರಿಯ ತಿಂದು, ಕುಡಿದು, ಚುಟ್ಟಾ ಸೇದಿ ಮೈಯನ್ನೂ ಗಂಟಲನ್ನೂ ಕೆಡಿಸಿಕೊಳ್ಳಲು ನೋಡಿದರೆಂದು ಹೇಳುತ್ತಾರೆ. ಆದರೆ ಬೀಜಿಂಗ್‌ನಲ್ಲಿ ಅವರನ್ನೇ ನಂಬಿ ಕೂತ ಮೇಳದವರ ಸಂಸಾರಗಳಿದ್ದವು. ಮರಳಿದರು. ಮರಳಿ ಬರೆದ ವರದಿಯಲ್ಲಿ ಚೀನೀ ರಂಗಭೂಮಿಗೆ 19 ಸಲಹೆಗಳಿದ್ದವು. ನಿರ್ದೇಶಕನಿಗೆ ಅಧಿಕಾರ, ಬೆಳಕಿನ ವ್ಯವಸ್ಥೆ, ಕಂಠಕ್ಕೆ ವೈಜ್ಞಾನಿಕ ತರಬೇತಿ ಇವೆಲ್ಲ ಅದರಲ್ಲಿ ಸೇರಿದ್ದವು. 1930ರಿಂದಲೇ ಬೀಜಿಂಗ್‌ನಲ್ಲಿ ಅವರೂ ಬೆಂಬಲವಾಗಿದ್ದ ಒಂದು ನಾಟಕ ಶಾಲೆ ನಡೆಯುತ್ತಿತ್ತು. ಹುಡುಗ ಹುಡುಗಿಯರು ಒಟ್ಟಿಗೆ ಕಲಿಯುವ, ಹಾಡಿನ ಜೊತೆ ಓದುಬರಹವನ್ನೂ ಕಲಿಸುವ ಶಾಲೆ. ತಮ್ಮ ಸ್ವಂತ ಮಕ್ಕಳು ಮಾತ್ರ ಈ ಕಸುಬಿಗೆ ಇಳಿಯುವುದು ಅವರಿಗೆ ಬೇಡವಾಗಿತ್ತು. ಆರನೆಯ ವಯಸ್ಸಿನಲ್ಲಿ ಕರಾರಿಗೆ ಬಿದ್ದವನ ಈ ಹಟ ನನಗೆ ಅರ್ಥವಾಗುತ್ತದೆ.

ಆ ಶಾಲೆಯಲ್ಲೇ ಕೆಲಸ ಮಾಡುತ್ತಿದ್ದ ನಾಟಕಕಾರ ವೆಂಗ್ ಓಹೊಂಗ್ ಬಳಿ ಚೆಂಗ್ ಒಂದು ಕೋರಿಕೆ ಇಟ್ಟರು. ಇಷ್ಟು ದಿನ ದುರಂತಗಳನ್ನೇ ಹಾಡಿದೆ, ಈಗೊಂದು ಸುಖಾಂತ ಬೇಕು. ಹಳೆಯ ಗ್ರಂಥವೊಂದರಲ್ಲಿದ್ದ ಚಿಕ್ಕ ಕಥೆಯನ್ನೂ ತಾವೇ ಕೊಟ್ಟರು. ಹಾಗೆ ಹುಟ್ಟಿದ್ದು ‘ಸುವೊ ಲಿನ್ ನಾಂಗ್’. ದೆಂಗ್‌ಝೌ ಪಟ್ಟಣದ ಸಿರಿವಂತರ ಮಗಳು ಶುಯೆ ಶಿಯಾಂಗ್‌ಲಿಂಗ್ ಮದುವೆಯ ಪಲ್ಲಕ್ಕಿಯಲ್ಲಿ ಹೋಗುತ್ತಿದ್ದಾಗ ಮಳೆ ಸುರಿದು ಒಂದು ಮಂಟಪದಲ್ಲಿ ನಿಲ್ಲಬೇಕಾಗುತ್ತದೆ. ಪಕ್ಕದಲ್ಲೇ ಇನ್ನೊಂದು ಹರುಕು ಪಲ್ಲಕ್ಕಿ, ಒಳಗೆ ಅಳುವ ಬಡ ಮದುಮಗಳು. ಶಿಯಾಂಗ್‌ಲಿಂಗ್ ತನ್ನ ತಾಯಿ ಕೊಟ್ಟ, ಒಡವೆ ತುಂಬಿದ ಕಸೂತಿ ಚೀಲವನ್ನು ಹೆಸರೂ ಹೇಳದೆ ಅವಳಿಗೆ ಕಳಿಸುತ್ತಾಳೆ. ಆರು ವರ್ಷದ ಮೇಲೆ ನೆರೆ ಬಂದು ಅವಳ ಮನೆ, ಮಗು, ಗಂಡ ಎಲ್ಲ ಕಾಣೆಯಾಗುತ್ತಾರೆ. ಪರಊರಿನ ಲು ಮನೆತನದಲ್ಲಿ ಮಗು ಆಡಿಸುವ ಆಳಾಗಿ ಸೇರುತ್ತಾಳೆ. ಮಗು ಎಸೆದ ಚೆಂಡನ್ನು ಹುಡುಕುತ್ತ ಮಹಡಿ ಹತ್ತಿದರೆ ಪೂಜೆಗೆ ಇಟ್ಟಂತೆ ಇಟ್ಟಿರುವ ಆ ಚೀಲ ಕಣ್ಣಿಗೆ ಬೀಳುತ್ತದೆ.

ಮುಂದಿನ ದೃಶ್ಯವನ್ನು ಕಟ್ಟಿರುವ ರೀತಿಗೆ ನಾನು ಮಾರುಹೋಗಿದ್ದೇನೆ. ಮನೆಯೊಡತಿ ಆಳನ್ನು ಪ್ರಶ್ನಿಸುತ್ತ ಹೋಗುತ್ತಾಳೆ. ಆಳು ಹಾಡಿನಲ್ಲಿ ಉತ್ತರಿಸುತ್ತಾಳೆ. ಒಂದೊಂದು ಉತ್ತರ ಮುಗಿದಾಗಲೂ ಒಡತಿ ಆಳಿನ ಕುರ್ಚಿಯನ್ನು ಇನ್ನಷ್ಟು ಗೌರವದ ಜಾಗಕ್ಕೆ ಸರಿಸಲು ಹೇಳುತ್ತಾಳೆ. ಯಾಕೆಂದು ಆಳಿಗೂ ಗೊತ್ತಿಲ್ಲ, ಕುರ್ಚಿ ಎತ್ತುವ ಹುಡುಗಿಗೂ ಗೊತ್ತಿಲ್ಲ. ನೋಡುವವರಿಗೆ ಮಾತ್ರ ಗೊತ್ತು. ಹಾಡು ಸಂಕಟದ್ದು, ಕುರ್ಚಿಯ ಚಲನೆ ನಗು ತರಿಸುವಂಥದ್ದು, ಎರಡೂ ಒಟ್ಟಿಗೇ ನಡೆಯುತ್ತವೆ. ರೂಢಿಯ ಏಳು, ಹತ್ತು ಅಕ್ಷರದ ಸಾಲುಗಳು ಬೇಡ, ಉದ್ದ ಗಿಡ್ಡ ಬೆರೆತಿರಲಿ ಎಂದು ಚೆಂಗ್ ಕೇಳಿದ್ದರು. ವೆಂಗ್ ಹಾಗೆಯೇ ಬರೆದುಕೊಟ್ಟರು, ಚೆಂಗ್ ತಾವೇ ಕೂತು ಹೊಸ ಮಟ್ಟು ಕಟ್ಟಿದರು. ಹಾಲಿವುಡ್‌ನ ಗಾಯಕಿ ಜೆನೆಟ್ ಮ್ಯಾಕ್‌ಡೊನಾಲ್ಡ್ ಹಾಡಿನ ಒಂದು ಎಳೆಯೂ ಇದರಲ್ಲಿ ಕರಗಿ ಸೇರಿದೆಯಂತೆ. ಲುವೊ ಹತ್ತಿಸಿದ ಸಿನಿಮಾದ ಅಭ್ಯಾಸ ಎಲ್ಲಿಂದ ಎಲ್ಲಿಗೆ ಬಂತು!

ನಾಟಕ ಮೊದಲು ಆಡಿದ್ದು 1940ರ ಏಪ್ರಿಲ್ 29ರಂದು, ಶಾಂಘೈನಲ್ಲಿ. ಊರ ಸುತ್ತ ಜಪಾನಿ ಸೈನ್ಯ. ಮನೆ, ಮಕ್ಕಳು, ಆಸ್ತಿ ಒಂದೇ ದಿನದಲ್ಲಿ ಹೋಗುವುದೆಂದರೇನೆಂದು ಆ ಪ್ರೇಕ್ಷಕರು ಕಣ್ಣಾರೆ ಕಂಡಿದ್ದರು. ಚೆಂಗ್ ಜಪಾನಿಯರ ಕೈಕೆಳಗಿನವರ ಕರೆಗಳಿಗೆ ಓಗೊಡಲಿಲ್ಲ. ಸೈನ್ಯಕ್ಕೆ ವಿಮಾನ ಕೊಳ್ಳಲು ಹಣ ಕೂಡಿಸುವ ಪ್ರದರ್ಶನದಲ್ಲಿ ಹಾಡಲು ನಿರಾಕರಿಸಿದರು. 1942ರ ಸೆಪ್ಟೆಂಬರ್‌ನಲ್ಲಿ ಬೀಜಿಂಗ್‌ನ ಛಿಯಾನ್‌ಮೆನ್ ರೈಲು ನಿಲ್ದಾಣದಲ್ಲಿ ಇಳಿದಾಗ ಸಾದಾ ಉಡುಪಿನ ಪೊಲೀಸರು ತಪಾಸಣೆಯ ನೆಪದಲ್ಲಿ ಸುತ್ತುವರಿದು ಹೊಡೆಯತೊಡಗಿದರು. ರಂಗದ ಮೇಲೆ ಬಳುಕುವ ಹೆಣ್ಣಾಗುತ್ತಿದ್ದ ಚೆಂಗ್ ಎತ್ತರದ ಆಳು, ಬಾಲ್ಯದಿಂದ ವರಸೆ ಕಲಿತವರು. ಕಂಬಕ್ಕೆ ಬೆನ್ನು ಕೊಟ್ಟು ಎದುರಿಸಿ ನಿಂತರು. ಮರುವರ್ಷ ನಗರದ ಪಶ್ಚಿಮಕ್ಕಿದ್ದ ಛಿಂಗ್‌ಲೊಂಗ್‌ಚಿಯಾವ್ ಹಳ್ಳಿಗೆ ಹೋಗಿ, ಹೊಲ ಉಳುತ್ತ, ಇತಿಹಾಸದ ಪುಸ್ತಕ ಓದುತ್ತ, ದಿನಚರಿ ಬರೆಯುತ್ತ ಯುದ್ಧ ಮುಗಿಯುವವರೆಗೆ ರಂಗದಿಂದ ದೂರ ಉಳಿದರು. ಹಾಡಿಕೊಂಡೇ ಬದುಕುವವನು ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಹಾಡು ನಿಲ್ಲಿಸುವುದೆಂದರೆ ಎಂಥ ನಿರ್ಧಾರ! ಅದನ್ನು ಅವರು ಸದ್ದಿಲ್ಲದೆ ಮಾಡಿದರು.

1946ರಲ್ಲಿ ಶಾಂಘೈನಲ್ಲಿ ಅಪರೂಪದ ಪೈಪೋಟಿಯೊಂದು ನಡೆಯಿತು. ಒಂದು ರಂಗಮಂದಿರದಲ್ಲಿ ಮೇ ಲಾನ್‌ಫಾಂಗ್, ಇನ್ನೊಂದರಲ್ಲಿ ಚೆಂಗ್. ಗುರು, ಶಿಷ್ಯ ಇಬ್ಬರ ರಂಗಮಂದಿರವೂ ತುಂಬಿತು.

1949ರಲ್ಲಿ ಹೊಸ ಸರ್ಕಾರ ಬಂದಿತು. ಕಮ್ಯುನಿಸ್ಟ್ ನಾಯಕ ಝೌ ಎನ್‌ಲೈ ಅವರೇ ಮನೆ ಹುಡುಕಿಕೊಂಡು ಬಂದು, ಚೆಂಗ್ ಇಲ್ಲದ್ದನ್ನು ಕಂಡು ಚೀಟಿ ಬರೆದಿಟ್ಟು ಹೋದದ್ದುಂಟು. ಚೆಂಗ್ ವಾಯವ್ಯ ಪ್ರಾಂತ್ಯಗಳಲ್ಲಿ ಶಿನ್‌ಜಿಯಾಂಗ್‌ವರೆಗೆ ಸುತ್ತಿ ಅಲ್ಲಿನ ಸಂಗೀತ, ನಾಟಕಗಳನ್ನು ಅಧ್ಯಯನ ಮಾಡಿದರು. ಗೌರವಕ್ಕೆ ಕೊರತೆಯಾಗಲಿಲ್ಲ. ಆದರೆ ಅವರಿಗೆ ಅತಿ ಪ್ರಿಯವಾದ ‘ಸುವೊ ಲಿನ್ ನಾಂಗ್’ಗೆ ಕುತ್ತು ಬಂತು. ಸಿರಿವಂತಳು ದಾನ ಮಾಡುವುದು, ಬಡವಳು ಋಣ ತೀರಿಸುವುದು ವರ್ಗಗಳ ನಡುವೆ ರಾಜಿ ಸಾರುತ್ತದೆ ಎಂಬ ಆಕ್ಷೇಪ. ನಾಟಕವನ್ನು ತಿದ್ದಬೇಕಾಯಿತು. ತಿದ್ದಿದ್ದು ಅವರಿಗೂ ರುಚಿಸಲಿಲ್ಲ, ಜನಕ್ಕೂ ರುಚಿಸಲಿಲ್ಲ. ಅವರ ಕಲೆಯನ್ನು ಸಿನಿಮಾದಲ್ಲಿ ಹಿಡಿದಿಡುವ ಮಾತು ಬಂದಾಗಲೂ ಇದಕ್ಕೆ ಒಪ್ಪಿಗೆ ಸಿಗದೆ, 1956ರಲ್ಲಿ ವು ಝುಗುವಾಂಗ್ ನಿರ್ದೇಶನದಲ್ಲಿ ‘ಹುವಾಂಗ್‌ಶಾನ್ ಲೇ’ ಚಿತ್ರವಾಯಿತು. ಐವತ್ತು ದಾಟಿದ, ಮೈ ತುಂಬಿದ ಗಂಡಸು ಆ ಬಣ್ಣದ ಚಿತ್ರದಲ್ಲಿ ಬಡ ಸೊಸೆಯಾಗಿ ರಾತ್ರಿಯಿಡೀ ನೇಯುತ್ತ ಹಾಡುತ್ತಾರೆ. ಕೆಲ ನಿಮಿಷ ಕಳೆದರೆ ಸೊಸೆಯ ಹೊರತು ಬೇರೇನೂ ಕಾಣುವುದಿಲ್ಲ. ಇದನ್ನಾದರೂ ಉಳಿಸಿದ್ದಕ್ಕೆ ವು ಅವರಿಗೆ ನಾವು ಋಣಿಗಳು. ಮರುವರ್ಷ ಅವರನ್ನೂ ‘ಬಲಪಂಥೀಯ’ರ ಪಟ್ಟಿಗೆ ಸೇರಿಸಲಾಯಿತು.

1958ರ ಮಾರ್ಚ್ 9ರಂದು ಹೃದಯಾಘಾತದಿಂದ ಚೆಂಗ್ ತೀರಿಕೊಂಡರು. ವಯಸ್ಸು 54.

‘ಸುವೊ ಲಿನ್ ನಾಂಗ್’ ಮತ್ತೆ ರಂಗದ ಮೇಲೆ ನೆಲೆ ನಿಂತದ್ದು ಸಾಂಸ್ಕೃತಿಕ ಕ್ರಾಂತಿ ಮುಗಿದ ಮೇಲೆ. ಅದಕ್ಕೆ ದುಡಿದವರಲ್ಲಿ ಪ್ರಮುಖರು ಚೆಂಗ್ ಮಗಳೆಂದು ಸ್ವೀಕರಿಸಿದ್ದ ಲಿ ಶಿಜಿ. ಮಗಳಂಥವಳು ವೃತ್ತಿರಂಗಕ್ಕೆ ಹೋಗುವುದು ಬೇಡವೆಂದು ಚೆಂಗ್ ವಿರೋಧಿಸಿದ್ದರು. ಆಕೆ ಹೋದರು, ಕೊನೆಗೆ ಅವರ ಹಾಡನ್ನು ಉಳಿಸಿದವರಲ್ಲಿ ಒಬ್ಬರಾದರು. ಇಂದು ಚೆಂಗ್ ಶೈಲಿಯನ್ನು ಹಾಡುವವರು ಬಹುಪಾಲು ಹೆಂಗಸರು. ಅವರ ಕಂಠಕ್ಕೆ ಹೊಳಪು ಹುಟ್ಟಿನಿಂದಲೇ ಇದೆ. ಆ ಹೊಳಪನ್ನು ಮುಚ್ಚಿ, ದನಿಯನ್ನು ಒಳಕ್ಕೆಳೆದು, ತಲೆಯ ಹಿಂದಕ್ಕೆ ಒಯ್ದು ಹಾಡಲು ಅವರು ವರ್ಷಗಟ್ಟಲೆ ಕಲಿಯುತ್ತಾರೆ. ಒಬ್ಬ ಹುಡುಗನ ಗಂಟಲಿಗೆ ಬಂದ ಕೇಡು ಒಂದು ಪರಂಪರೆಯ ವ್ಯಾಕರಣವಾಗಿ, ಆ ಕೇಡು ಇಲ್ಲದವರೂ ಸಾಧನೆಯಿಂದ ಗಳಿಸಿಕೊಳ್ಳುವ ವಿದ್ಯೆಯಾಗಿದೆ. ಚೆಂಗ್ ಶಿಷ್ಯ ಜಾವ್ ರೊಂಗ್‌ಚೆನ್ ಅವರಲ್ಲಿ ಕಲಿತ 1971ರಲ್ಲಿ ಹುಟ್ಟಿದ ಜಾಂಗ್ ಹುವೊದಿಂಗ್ ಟಿಕೆಟ್ಟಿಗೆ ಚೀನಾದಲ್ಲಿ ಇಂದಿಗೂ ನೂಕುನುಗ್ಗಲು. 2015ರ ಸೆಪ್ಟೆಂಬರ್‌ನಲ್ಲಿ ಆಕೆ ನ್ಯೂಯಾರ್ಕ್‌ನ ಲಿಂಕನ್ ಸೆಂಟರ್‌ನಲ್ಲಿ ಎರಡು ನಾಟಕಗಳನ್ನು ಆಡಿದರು. ಒಂದು ಬಿಳಿ ಹಾವಿನ ಕಥೆ. ಇನ್ನೊಂದು, ಚೆಂಗ್ ಚಿತ್ರವಾಗಿಸಲಾಗದೆ ಬಿಟ್ಟುಹೋದ ‘ಸುವೊ ಲಿನ್ ನಾಂಗ್’.